ಅವಳ ಹೆಸರು, ಅವರ ಮಾತು

ನಮ್ಮ ಕಡ್ಡಿಯ ಹೆಸರು ಪೇಪರಿನಲ್ಲಿ ಬಂದದ್ದು ಒಂದೇ ಒಂದು ಸಲ. ಆ ಪೇಪರನ್ನು ನಾವು ಮನೆಯಲ್ಲಿ ಇಟ್ಟುಕೊಂಡಿಲ್ಲ. ಯಾಕೆಂದು ಕೇಳಿದವರಿಗೆಲ್ಲ ನಿಂತ ನಿಲುವಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅದಕ್ಕೇ ಕೂತು ಹೇಳಿ ಬರೆಸುತ್ತಿದ್ದೇನೆ.

ಕಡ್ಡಿ ನನ್ನ ತಮ್ಮನ ಮೊಮ್ಮಗಳು. ಸಪೂರ ಮೈ, ಉದ್ದುದ್ದ ಕೈಕಾಲು, ಹಾಗಾಗಿ ಆ ಅಡ್ಡಹೆಸರು. ಪತ್ರಿಕೆ ಕೆಲಸದ ಓದು ಓದಲು ಬಂದವಳು ನನ್ನ ಜೊತೆಗೇ ಇದ್ದಳು. ಎರಡನೇ ಮಹಡಿಯಲ್ಲಿ ನಮಗೆ ಒಂದು ಕೋಣೆ, ಒಂದು ಅಡುಗೆಮನೆ. ಅವಳ ಹಾಸಿಗೆ ಅಡುಗೆಮನೆಯಲ್ಲಿ. ಅವಳಿಗೆ ಫುಟ್‌ಬಾಲ್ ಹುಚ್ಚು. ಆಡುವ ಹುಚ್ಚಲ್ಲ, ನೋಡುವ ಹುಚ್ಚು. ಓಣಿಯಲ್ಲಿ ಹುಡುಗರು ಚೆಂಡು ಒದೆಯುತ್ತಿದ್ದರೂ ಕಿಟಕಿಗೆ ಅಂಟಿಕೊಂಡುಬಿಡುವಳು. ಎಲ್ಲರ ಕಣ್ಣೂ ಚೆಂಡಿನ ಮೇಲಿದ್ದರೆ ಇವಳದು ಚೆಂಡಿಲ್ಲದವರ ಮೇಲೆ.

"ಅಜ್ಜಿ, ಆ ಹಸಿರಂಗಿ ಹುಡುಗನ್ನ ನೋಡು. ಅವನಿಗೆ ಯಾರೂ ಚೆಂಡು ಕೊಡ್ತಾ ಇಲ್ಲ. ಈಗ ಸಿಟ್ಟು ಮಾಡ್ಕೊಂಡು ಮನೆಗೆ ಹೋಗ್ತಾನೆ, ನೋಡ್ತಿರು," ಎನ್ನುವಳು. ಅವನು ಹೋಗಿಯೇ ಬಿಡುವನು. ಅಷ್ಟರಲ್ಲಿ ಒಲೆಯ ಮೇಲಿನ ಹಾಲೂ ಉಕ್ಕಿ ಹೋಗಿರುತ್ತಿತ್ತು.

ನನ್ನ ಕೆಲಸ ದೊಡ್ಡ ಕ್ರೀಡಾಂಗಣದಲ್ಲಿ. ನಮ್ಮ ಯಜಮಾನರು ಅಲ್ಲಿ ಹುಲ್ಲು ಕತ್ತರಿಸುತ್ತಿದ್ದರು. ಅವರು ತೀರಿಹೋದ ಮೇಲೆ ನನ್ನನ್ನು ಪತ್ರಕರ್ತರ ಗ್ಯಾಲರಿಗೆ ಹಾಕಿದರು. ಪಂದ್ಯದ ದಿನ ಟೀ ಕೊಡುವುದು, ತಟ್ಟೆ ಎತ್ತುವುದು, ಎಲ್ಲರೂ ಹೋದ ಮೇಲೆ ಗುಡಿಸಿ ಒರೆಸುವುದು.

ಆ ಗ್ಯಾಲರಿ ಮೈದಾನದ ನಡುಗೆರೆಗೆ ನೇರವಾಗಿ, ಎತ್ತರದಲ್ಲಿದೆ. ಮುಂದೆ ಉದ್ದಕ್ಕೂ ಗಾಜು. ಮೆಟ್ಟಿಲಿನಂತೆ ಮೇಲೇರುವ ಮೇಜಿನ ಸಾಲುಗಳು, ಮೇಜು ಮೇಜಿಗೂ ಸಣ್ಣ ಟೀವಿ. ಇಡೀ ಊರಿನಲ್ಲಿ ಆಟ ಅಷ್ಟು ಚೆನ್ನಾಗಿ ಕಾಣುವ ಜಾಗ ಇನ್ನೊಂದಿಲ್ಲ. ಅಲ್ಲಿ ಕೂರುವವರು ಮಾತ್ರ ಗಾಜಿನಾಚೆ ನೋಡುವುದೇ ಅಪರೂಪ. ಟೀವಿ ನೋಡುತ್ತಾರೆ, ಫೋನು ನೋಡುತ್ತಾರೆ, ನನ್ನ ಟ್ರೇ ಎಲ್ಲಿಗೆ ಬಂತೆಂದು ನೋಡುತ್ತಾರೆ. ಎದ್ದು ಹೋದ ಮೇಲೆ ಆ ಮೇಜುಗಳ ಅವಸ್ಥೆ ಕೇಳಬೇಡಿ. ಟೀ ಲೋಟದೊಳಗೆ ಸಿಗರೇಟಿನ ತುಂಡು, ಡ್ರಾಯರಿನಲ್ಲಿ ಕಚ್ಚಿ ಬಿಟ್ಟ ಬ್ರೆಡ್ಡು, ಮೇಜಿನ ಅಡಿಗೆ ಒತ್ತಿದ ಚೂಯಿಂಗ್ ಗಮ್, ಆಟಗಾರರ ಹೆಸರು ಅಚ್ಚಾದ ಹಾಳೆಯಲ್ಲೇ ಮೂಗು ಒರೆಸಿ ಮುದುರಿ ಎಸೆದಿರುತ್ತಾರೆ. ಕೈಗವಸು ಹಾಕಿಕೊಂಡೇ ಬಳಿಯುತ್ತಿದ್ದೆ, ಆದರೂ ಮನೆಗೆ ಬಂದು ಊಟಕ್ಕೆ ಕೂತಾಗ ನನ್ನ ಕೈಗೆ ನಾನೇ ಹೇಸುತ್ತಿದ್ದೆ.

ಬಾಗಿಲ ಮೇಲೆ ಒಂದು ಫಲಕ: ಇಲ್ಲಿ ಚಪ್ಪಾಳೆ ತಟ್ಟಬಾರದು, ಕೂಗಬಾರದು. ಬರೆಯುವವರು ಯಾವ ಪಕ್ಷವನ್ನೂ ವಹಿಸಬಾರದಲ್ಲ, ಅದಕ್ಕೆ. ಒಳ್ಳೆಯ ನಿಯಮವೇ.

ಆ ವರ್ಷ ಒಂದು ದೊಡ್ಡ ಪತ್ರಿಕೆಯವರು ಕಡ್ಡಿಯ ಕಾಲೇಜಿಗೆ ಒಂದು ಅವಕಾಶ ಕೊಟ್ಟರು. ಒಬ್ಬ ವಿದ್ಯಾರ್ಥಿ ಗ್ಯಾಲರಿಯಲ್ಲಿ ಕೂತು ಪಂದ್ಯ ನೋಡಿ ಬರೆಯಬೇಕು. ಬರೆದದ್ದು ಹೆಸರಿನ ಸಮೇತ ಅಚ್ಚಾಗುತ್ತದೆ. ಪತ್ರಿಕೆಯ ಹಿರಿಯ ವರದಿಗಾರರು ಒಳ್ಳೆಯ ಮಾತು ಹೇಳಿದರೆ ಅಲ್ಲೇ ಕೆಲಸ. ಆರಿಸಿದ್ದು ಕಡ್ಡಿಯನ್ನು. ಆ ಪತ್ರಿಕೆಯ ಆಟದ ಪುಟ ಸೇರಬೇಕೆಂಬುದು ಅವಳಿಗೆ ಚಿಕ್ಕಂದಿನ ಆಸೆ. ಹಿಂದಿನ ದಿನ ಇದ್ದೊಂದು ಒಳ್ಳೆಯ ಅಂಗಿಗೆ ಇಸ್ತ್ರಿ ಹಾಕಿದಳು, ಮಡಿಸಿಟ್ಟಳು, ಬಿಡಿಸಿ ಮತ್ತೆ ಹಾಕಿದಳು.

"ಅಂಗಿ ಸುಟ್ಟೀತು, ಬಿಡೆ ತಾಯಿ," ಎಂದೆ.

"ಅಜ್ಜಿ, ಅಲ್ಲಿ ನೀನು ನನ್ನ ಪರಿಚಯ ಇಲ್ಲದೋಳ ಥರ ಇರ್ಬೇಕು. ಟೀಗೆ ಜಾಸ್ತಿ ಸಕ್ಕರೆ ಹಾಕಿ ಕೊಟ್ರೆ ಗೊತ್ತಾಗಿಬಿಡತ್ತೆ."

ಹಿರಿಯ ವರದಿಗಾರರನ್ನು ಎಲ್ಲರೂ ದೊಡ್ಡ ಸಾರ್ ಎನ್ನುತ್ತಿದ್ದರು. ಅವರು ಕಡ್ಡಿಯನ್ನು ಪಕ್ಕದಲ್ಲೇ ಕೂರಿಸಿಕೊಂಡರು. ಆಟ ಶುರುವಾದಾಗ ಅವರು ಒಂದು ಕೈಯಲ್ಲಿ ಬಿಸ್ಕತ್ತು ಹಿಡಿದು ಇನ್ನೊಂದು ಕೈಯಲ್ಲಿ ವರದಿ ಬರೆಯತೊಡಗಿದ್ದರು. ಆಗದ ಆಟಕ್ಕೆ ವರದಿ! ಕಡ್ಡಿ ಬೆರಗಾಗಿ ನೋಡಿದ್ದಕ್ಕೆ, "ಮುಕ್ಕಾಲು ಭಾಗ ಮೊದಲೇ ಬರೆದಿಟ್ಕೋಬೇಕಮ್ಮ. ಗೆದ್ದೋರು ಸೋತೋರು ಆಮೇಲೆ ತುಂಬ್ಕೊಂಡ್ರಾಯ್ತು," ಎಂದರು. ಬಿಸ್ಕತ್ತಿನ ಪುಡಿ ಅವಳ ಇಸ್ತ್ರಿ ತೋಳಿನ ಮೇಲೆ ಉದುರಿತು.

ಎರಡನೇ ಅರ್ಧದಲ್ಲಿ ನಮ್ಮ ತಂಡದ ಗೋಲ್‌ಕೀಪರ್ ಚೆಂಡಿಗೆ ಹಾರಿದಾಗ ಎದುರು ಪಕ್ಷದವನ ಮೊಣಕಾಲು ಅವನ ತಲೆಗೆ ಬಡಿಯಿತು. ನಾನು ಗಾಜಿಗೆ ಬೆನ್ನು ಹಾಕಿ ಟೀ ಬಸಿಯುತ್ತಿದ್ದೆ. ಟೀವಿಗಳಲ್ಲಿ ಅದೇ ಪೆಟ್ಟನ್ನು ತಿರುಗಿ ತಿರುಗಿ ತೋರಿಸುತ್ತಿದ್ದರು, ಇವರೆಲ್ಲ ಅದನ್ನೇ ನೋಡುತ್ತಿದ್ದರು. ಕಡ್ಡಿ ಒಬ್ಬಳೇ ಗಾಜಿನ ಕಡೆ ಮುಖ ಮಾಡಿ ಕೂತಿದ್ದಳು. ಆಮೇಲೆ ಅವಳು ಹೇಳಿದ್ದು ಇಷ್ಟು: ತಂಡದ ಡಾಕ್ಟರು ಕೀಪರನ ಕಣ್ಣು ನೋಡಿ ಎದ್ದು, ಎರಡೂ ಕೈಗಳನ್ನು ಒಂದರ ಸುತ್ತ ಒಂದು ತಿರುಗಿಸಿ ತೋರಿಸಿದರು. ಇವನನ್ನು ಬದಲಾಯಿಸಿ ಎಂಬುದಕ್ಕೆ ಆ ಸನ್ನೆ. ಕೋಚ್ ಬೇಡವೆಂದು ತಲೆಯಾಡಿಸಿದ. ಡಾಕ್ಟರು ಮತ್ತೆ ತೋರಿಸಿದರು. ಕೋಚ್ ಬೆನ್ನು ತಿರುಗಿಸಿದ. ಯಾರೋ ಕೀಪರನ ಕೈಗೆ ಗ್ಲೌಸ್ ತುರುಕಿದರು. ಅವನು ಎದ್ದವನೇ ತನ್ನ ಗೋಲಿನ ಕಡೆಗಲ್ಲ, ಎದುರು ಗೋಲಿನ ಕಡೆಗೆ ನಡೆದ. ಜೊತೆಯವನೊಬ್ಬ ಭುಜ ಹಿಡಿದು ತಿರುಗಿಸಿದ.

ಆಗಲೇ ಕಡ್ಡಿ ಎದ್ದು ನಿಂತು, ಗಾಜಿಗೆ ಅಂಗೈ ಬಡಿದು, ಜೀವ ಹೋಗುವ ಹಾಗೆ ಕೂಗಿದ್ದು: "ಅವನನ್ನ ಹೊರಗೆ ಕರೀರಿ! ಅವನಿಗೆ ತಲೆ ತಿರುಗ್ತಾ ಇದೆ!"

ನಾನೂ ತಿರುಗಿದೆ. ಗ್ಯಾಲರಿಯಲ್ಲಿ ಇದ್ದಬದ್ದವರೆಲ್ಲ ಟೀವಿಯಿಂದ ತಲೆ ಎತ್ತಿದರು. ಮೈದಾನ ನೋಡಲಿಲ್ಲ, ಇವಳನ್ನು ನೋಡಿದರು. ಮುಖ ಸಿಂಡರಿಸಿಕೊಂಡು ನೋಡಿದರು, ಊಟದ ನಡುವೆ ಯಾರೋ ವಾಂತಿ ಮಾಡಿದ ಹಾಗೆ.

"ಏಯ್, ಕೂತ್ಕೋ! ಇದೇನು ಓಣಿ ಜಗಳವಾ?" ಎಂದರು ದೊಡ್ಡ ಸಾರ್.

"ಸಾರ್, ಅಲ್ಲಿ ನೋಡಿ ಸಾರ್, ಅವನು..."

"ಬಾಗಿಲ ಮೇಲಿರೋದು ಓದಕ್ಕೆ ಬರತ್ತೆ ತಾನೆ? ಕೂತ್ಕೋ."

ಕೂತಳು. ಸ್ವಲ್ಪ ಹೊತ್ತಿಗೆಲ್ಲ ಎದುರು ಪಕ್ಷದವರು ಮೆಲ್ಲಗೆ ಉರುಳಿಸಿದ ಚೆಂಡು ಗೋಲಿನೊಳಗೆ ಹೋಯಿತು. ಕೀಪರ್ ಕಂಬ ಹಿಡಿದುಕೊಂಡು ನಿಂತಿದ್ದ. ಚೆಂಡು ಪಕ್ಕದಲ್ಲೇ ಹಾದುಹೋದರೂ ಕತ್ತು ಹೊರಳಿಸಲಿಲ್ಲ. ಗ್ಯಾಲರಿಯಲ್ಲಿ ಕಿಸಕ್ಕನೆ ನಗು. ಕೂಗಬಾರದೆಂದು ಬರೆದಿದ್ದಾರೆ, ನಗಬಾರದೆಂದು ಬರೆದಿಲ್ಲವಲ್ಲ.

ಪಂದ್ಯ ಮುಗಿದ ಮೇಲೆ ಅಲ್ಲೊಂದು ಪದ್ಧತಿ ಉಂಟು. ಬೇರೆ ಬೇರೆ ಪತ್ರಿಕೆಯವರೆಲ್ಲ ನನ್ನ ಟೀ ಮೇಜಿನ ಸುತ್ತ ನಿಂತು ಮಾತು ಹೊಂದಿಸಿಕೊಳ್ಳುತ್ತಾರೆ. ಯಾರದು ತಪ್ಪು, ಯಾರನ್ನು ಹೊಗಳಬೇಕು, ಕೋಚ್ ಏನೆಂದ ಎಂದು ಬರೆಯಬೇಕು, ಎಲ್ಲವೂ ಅಲ್ಲೇ ತೀರ್ಮಾನ. ಅವತ್ತು ನಮ್ಮ ತಂಡದ ಕ್ಲಬ್ಬಿನ ಪ್ರಚಾರದವನೂ ಕೈ ಉಜ್ಜುತ್ತ ಬಂದು ನಿಂತ.

"ಕೀಪರ್ ತೂಕಡಿಸಿದ. ಏನಂತೀರಿ?" ಎಂದರು ದೊಡ್ಡ ಸಾರ್.

"ತೂಕಡಿಸಿದ, ಭೇಷ್! ನಂದೂ ಅದೇ," ಎಂದರು ಒಬ್ಬ ಬೋಳುತಲೆಯವರು.

"ಎಲ್ರೂ ತೂಕಡಿಸಿದ್ರೆ ಹೆಂಗ್ರೀ? ನಮ್ಮ ಪೇಪರಲ್ಲಿ ಗೊರಕೆ ಹೊಡೀಲಿ," ಎಂದ ಇನ್ನೊಬ್ಬ. ಬಾಯಿ ತುಂಬ ಕೇಕು ಇಟ್ಟುಕೊಂಡೇ ನಕ್ಕರು. ಒಬ್ಬನ ಬಾಯಿಂದ ಸಿಡಿದ ಚೂರು ನನ್ನ ತೊಳೆದಿಟ್ಟ ಲೋಟದೊಳಗೆ ಬಿತ್ತು. ಅದನ್ನು ಮತ್ತೆ ತೊಳೆಯಲು ಹಾಕಿದೆ.

ಕಡ್ಡಿ ಸಣ್ಣ ದನಿಯಲ್ಲಿ, "ಸಾರ್, ಡಾಕ್ಟ್ರು ಬದಲಾಯಿಸಿ ಅಂತ ಎರಡು ಸಲ ಕೈ ತೋರಿಸಿದ್ರು. ಕೋಚ್ ಬೇಡ ಅಂದ್ರು," ಎಂದಳು.

"ಟೀವೀಲಿ ಬಂತಾ?"

"ಇಲ್ಲ ಸಾರ್. ಗಾಜಿನಾಚೆ ನೋಡಿದೆ."

"ಟೀವೀಲಿ ಬರಲಿಲ್ಲ ಅಂದ್ರೆ ಆಗಲಿಲ್ಲ ಅಂತಾನೇ ಕಣಮ್ಮ."

ಪ್ರಚಾರದವನು ಹಲ್ಲು ಕಿರಿದು, "ಹೊಸಬ್ರು ಪಾಪ. ಗಾಬರಿ ಆಗಿರತ್ತೆ," ಎಂದು ತಾನೇ ಅವಳಿಗೊಂದು ತುಂಡು ಕೇಕು ಹಿಡಿದ. ಅವಳು ತೆಗೆದುಕೊಳ್ಳಲಿಲ್ಲ.

ದೊಡ್ಡ ಸಾರ್ ಅವಳನ್ನು ನನ್ನ ಸಿಂಕಿನ ಪಕ್ಕಕ್ಕೆ ಕರೆದರು. ಗದರಲಿಲ್ಲ, ಮಗಳಿಗೆ ಹೇಳಿದ ಹಾಗೆ ಹೇಳಿದರು. "ನೀನು ಚುರುಕಿದೀಯ. ನಮಗೆ ಬೇಕಾದ ಹುಡುಗೀನೇ. ಆದ್ರೆ ನಿನ್ನೊಬ್ಬಳ ಹತ್ರ ಮಾತ್ರ ಈ ವಿಷಯ ಇದ್ರೆ ಉಳಿದೋರ ಸಂಪಾದಕರು ಅವರನ್ನ ಸುಮ್ನೆ ಬಿಡ್ತಾರಾ? 'ನೀವೇನು ಮಣ್ಣು ತಿಂತಿದ್ರಾ' ಅಂತಾರೆ. ನಾಳೆ ಅವರು ನಮಗೂ ಹಂಗೇ ಮಾಡ್ತಾರೆ. ಕ್ಲಬ್ಬಿನೋರು ಬಾಗಿಲು ಹಾಕ್ತಾರೆ. ಕೂಗಿದ್ದನ್ನ ನಾನು ಮರೀತೀನಿ. ಇದನ್ನ ನೀನು ಮರಿ."

ಮನೆಗೆ ಬಂದು ಕಡ್ಡಿ ಅಡುಗೆಮನೆಯ ನೆಲದಲ್ಲೇ ಕೂತು ಬರೆದಳು. ಬರೆದದ್ದನ್ನು ನನಗೆ ಓದಿ ಹೇಳಿದಳು. ಡಾಕ್ಟರ ಕೈಸನ್ನೆ ಇತ್ತು, ಕೋಚ್ ಬೆನ್ನು ತಿರುಗಿಸಿದ್ದು ಇತ್ತು. ಎದುರು ತಂಡ ಚೆನ್ನಾಗಿ ಆಡಿತೆಂಬುದೂ ಇತ್ತು.

"ಕಳಿಸ್ಲಾ ಅಜ್ಜಿ? ಕಳಿಸಿದ್ರೆ ಕೆಲಸ ಹೋಗತ್ತೆ."

"ನೀನು ಕಂಡಿದ್ದು ತಾನೆ?"

"ನನ್ನ ಕಣ್ಣಾಣೆ."

"ಮತ್ತೇನು. ಊಟ ಮಾಡು ಬಾ, ಆರ್ತಾ ಇದೆ."

ಕಳಿಸಿಯೇ ಉಂಡಳು.

ಬೆಳಿಗ್ಗೆ ನಾನು ಹಾಲು ತರಲು ಇಳಿದರೆ ಕೆಳಗಿನ ಕ್ಷೌರದಂಗಡಿಯವನು ಪೇಪರ್ ಬೀಸುತ್ತ ಬಂದ. "ಅಜ್ಜೀ, ನಿಮ್ಮ ಹುಡುಗಿ ಹೆಸರು! ಇಷ್ಟು ದಪ್ಪ ಅಕ್ಷರದಲ್ಲಿ!" ನಾನು ಅಕ್ಷರ ಕೂಡಿಸಿ ಕೂಡಿಸಿ ಓದುವವಳು. ಹೆಸರು ಸರಿಯಾಗಿತ್ತು. ಕೆಳಗೆ, 'ಮೈದಾನದಲ್ಲಿ ತೂಕಡಿಸಿದ ಕೀಪರ್' ಎಂದಿತ್ತು. ಬೆರಳಿಟ್ಟು ಕೊನೆಯವರೆಗೂ ಹೋದೆ. ಡಾಕ್ಟರು ಎಲ್ಲೂ ಸಿಗಲಿಲ್ಲ. 'ಇಂಥವರಿಗೆ ಮೈದಾನಕ್ಕಿಂತ ಹಾಸಿಗೆಯೇ ಲೇಸು' ಎಂದೂ ಇತ್ತು. ಅವಳು ಬರೆದ ಒಂದು ಸಾಲೂ ಇರಲಿಲ್ಲ.

ನಾನು ಕೊಂಡು ತಂದ ಪೇಪರನ್ನು ಕಡ್ಡಿ ಕೊನೆಯವರೆಗೂ ಓದಿದಳು. ನೇರ ಕೆಳಗಿಳಿದರೆ ಆ ಹೊತ್ತಿಗೆ ಕ್ಷೌರದಂಗಡಿಯವನು ತನ್ನ ಪ್ರತಿಯಿಂದ ಅದನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದ್ದ.

"ತೆಗೀರಿ ಅಣ್ಣಾ ಅದನ್ನ."

"ಯಾಕಮ್ಮಾ? ನಿನ್ನ ಮೇಲೆ ನಿನಗೇ ಹೊಟ್ಟೆಕಿಚ್ಚಾ?"

"ಅದು ನನ್ನದಲ್ಲ. ಇನ್ನೊಬ್ಬರ ಎಂಜಲನ್ನ ನನ್ನ ತಟ್ಟೇಲಿ ಬಡಿಸಿದಾರೆ," ಎಂದು ಉಗುರಿನಿಂದಲೇ ಕೆರೆದು ಕಿತ್ತಳು.

ಅವತ್ತೇ ಪತ್ರಿಕೆಯ ಕಚೇರಿಗೆ ಹೋದೆವು. ನಾನು ಬಾಗಿಲ ಹತ್ತಿರದ ಬೆಂಚಿನಲ್ಲಿ ಕೂತೆ. ಆಟದ ಪುಟದ ಸಂಪಾದಕರು ನಗುನಗುತ್ತಲೇ ಬರಮಾಡಿಕೊಂಡರು. "ಬಾಮ್ಮ ಬಾ. ದೊಡ್ಡ ಸಾರ್ ನಿನ್ನ ಬಗ್ಗೆ ಒಳ್ಳೆ ಮಾತೇ ಹೇಳಿದಾರೆ. ಹುಡುಗಿ ಚುರುಕು, ಸ್ವಲ್ಪ ಬಾಯಿ ಜೋರು ಅಷ್ಟೆ ಅಂದ್ರು. ಸೋಮವಾರದಿಂದ ಬಂದ್ಬಿಡು."

"ಸಾರ್, ಪೇಪರಲ್ಲಿ ಬಂದಿರೋದು ನಾನು ಬರೆದಿದ್ದಲ್ಲ. ಹಾಗಂತ ಒಂದು ಸಾಲು ಹಾಕಿ. ಬರ್ತೀನಿ."

"ತಿದ್ದೋದು ನಮ್ಮ ಕೆಲಸ ಅಲ್ವೇನಮ್ಮ?"

"ತಿದ್ದಿಲ್ಲ ಸಾರ್. ಹೆಸರು ಒಂದನ್ನ ಉಳಿಸ್ಕೊಂಡು ಮಿಕ್ಕಿದ್ದು ಎಸೆದಿದೀರಿ."

"ಎಲ್ಲಾ ಪೇಪರಲ್ಲೂ ಅದೇ ಇದೆಯಲ್ಲ. ಎಲ್ರೂ ಸುಳ್ಳಾ, ನೀನೊಬ್ಬಳೇ ನಿಜಾನಾ?"

"ಎಲ್ರೂ ಅಜ್ಜಿ ಟೀ ಮೇಜಿನ ಸುತ್ತ ನಿಂತು ಮಾತು ಹೊಂದಿಸಿಕೊಂಡಿದ್ದು ಸಾರ್. ಅಜ್ಜಿ ಇಲ್ಲೇ ಇದಾರೆ, ಕೇಳಿ."

ಅವರು ನನ್ನ ಕಡೆ ನೋಡಿದರು. ಕೇಳಲಿಲ್ಲ. "ಕೆಲಸ ಬೇಕೋ ಬೇಡವೋ ಅಷ್ಟು ಹೇಳು," ಎಂದರು. ಕಡ್ಡಿ ಸ್ವಲ್ಪ ಹೊತ್ತು ಆ ಕೋಣೆಯನ್ನೆಲ್ಲ ನೋಡಿದಳು. ಗೋಡೆಯ ಮೇಲಿನ ಆಟಗಾರರ ಚಿತ್ರ, ಟೈಪು ಮಾಡುತ್ತಿದ್ದವರು, ಕಿಟಕಿ ಪಕ್ಕದ ಖಾಲಿ ಕುರ್ಚಿ. ಆಮೇಲೆ ಬೇಡ ಎಂದಳು. ಆ ಕುರ್ಚಿ ಅವಳ ಸಹಪಾಠಿಯೊಬ್ಬನಿಗೆ ಸಿಕ್ಕಿತು.

ಅಷ್ಟಕ್ಕೇ ಬಿಡುವವಳಲ್ಲ. ಪಂದ್ಯ ಮುಗಿಯುತ್ತಲೇ ಆಸ್ಪತ್ರೆಗೆ ಸೇರಿಸಿದ್ದ ಕೀಪರನನ್ನು ಮನೆಗೆ ಕಳಿಸಿದ್ದಾರೆಂದು ಕ್ರೀಡಾಂಗಣದ ಹುಲ್ಲು ಕತ್ತರಿಸುವವರಿಂದ ತಿಳಿಯಿತು. ಮನೆಯ ಗುರುತೂ ಅವರೇ ಹೇಳಿದರು. ಮರುದಿನ ಮಧ್ಯಾಹ್ನ ಹೋದೆವು. ಬಾಗಿಲು ತೆರೆದವಳು ಅವನ ಅಕ್ಕ. ಕಡ್ಡಿ ಹೆಸರು ಹೇಳುತ್ತಲೇ ಆ ಹೆಂಗಸಿನ ಮುಖ ಬಿಗಿಯಿತು.

"ತೂಕಡಿಸಿದ ಅಂತ ಬರೆದೋಳು ನೀನೇನಾ? ಹಾಸಿಗೇನೇ ಲೇಸು ಅಂತ? ಬಂದು ನೋಡು, ಹಾಸಿಗೇಲೇ ಬಿದ್ದಿದಾನೆ. ಕಣ್ಣು ತಂಪಾಯ್ತಾ?"

"ಹೆಸರು ನಂದೇ ಅಕ್ಕ. ಬರೆದಿದ್ದು ನಾನಲ್ಲ."

"ಥೂ, ನಾಚಿಕೆ ಆಗಲ್ವಾ ಹೇಳಕ್ಕೆ!" ಬಾಗಿಲು ಅರ್ಧ ಮುಚ್ಚಿತ್ತು.

ಒಳಗಿನಿಂದ ಗಂಡು ದನಿ ಬಂತು. "ಬಿಡಕ್ಕ ಒಳಗೆ. ನನಗಂತೂ ಏನೂ ನೆನಪಿಲ್ಲ. ಅವರಾದ್ರೂ ನೋಡಿದಾರಲ್ಲ."

ಕೋಣೆಯ ಪರದೆಗಳೆಲ್ಲ ಎಳೆದಿದ್ದವು. ಬೆಳಕು ಕಂಡರೆ ತಲೆ ಸಿಡಿಯುತ್ತದಂತೆ. ದೊಡ್ಡ ಆಳು, ಮಂಚದ ಆಚೆ ಪಾದ ಚಾಚಿಕೊಂಡು ಮಲಗಿದ್ದ. ಆ ದಿನದ ಬೆಳಗಿನ ತಿಂಡಿ ನೆನಪಿದೆ, ಬಸ್ಸು ಹತ್ತಿದ್ದು ನೆನಪಿದೆ, ಆಮೇಲೆ ಆಸ್ಪತ್ರೆಯ ದೀಪ ಎಂದ. ನಡುವಿನದನ್ನೆಲ್ಲ ಅಕ್ಕನ ಕೈಲಿ ಪೇಪರ್ ಓದಿಸಿ ತಿಳಿದುಕೊಂಡಿದ್ದನಂತೆ. "ಅಷ್ಟು ಪೇಪರಲ್ಲಿ ಬಂದಿದೆ ಅಂದ್ಮೇಲೆ ತೂಕಡಿಸಿರ್ಬೇಕು. ಹಿಂದಿನ ರಾತ್ರಿ ಸರಿಯಾಗಿ ಮಲಗಿದ್ದೆ ಅಂತ್ಲೇ ನನ್ನ ಅನಿಸಿಕೆ. ಆದ್ರೂ..." ಎಂದ.

ಈ ಮಾತು ಕೇಳಿದಾಗ ನನಗಾದ ಹೇಸಿಗೆ ಆ ಗ್ಯಾಲರಿಯ ಯಾವ ತಟ್ಟೆ ನೋಡಿಯೂ ಆಗಿರಲಿಲ್ಲ.

ಕಡ್ಡಿ ಮಂಚದ ಪಕ್ಕ ನೆಲದ ಮೇಲೆ ಕೂತು ಹೇಳಿದಳು. ಚೆಂಡು ಯಾವ ಕಡೆಯಿಂದ ಬಂತು, ಅವನು ಹೇಗೆ ಹಾರಿದ, ಮೊಣಕಾಲು ಎಲ್ಲಿ ಬಡಿಯಿತು. ಡಾಕ್ಟರು ಎದ್ದದ್ದು, ಕೈ ತಿರುಗಿಸಿದ್ದು, ಕೋಚ್ ಬೆನ್ನು ಹಾಕಿದ್ದು. ಅಕ್ಕ ಬಾಗಿಲಿಗೆ ಒರಗಿ ನಿಂತಿದ್ದಳು.

"ಗೋಲು?" ಎಂದ ಅವನು.

"ನಿಮ್ಮ ಎಡಗೈ ಪಕ್ಕದಲ್ಲೇ ಹೋಯ್ತು. ಮೆತ್ತಗೆ ಬಂತು. ಬೇರೆ ದಿನ ಆಗಿದ್ರೆ ಕಾಲಲ್ಲೇ ತಡೀತಿದ್ರಿ. ನೀವು ಕಂಬ ಹಿಡ್ಕೊಂಡು ನಿಂತಿದ್ರಿ."

"ಕಂಬ ಬಿಟ್ಟಿರಲಿಲ್ವಾ?"

"ಇಲ್ಲ. ಬಿಟ್ಟಿದ್ರೆ ಬೀಳ್ತಿದ್ರಿ."

ಅಕ್ಕ ಒಳಗೆ ಬಂದು ಅವನ ಕಾಲ ಬಳಿ ಕೂತಳು. ಆಮೇಲೆ ಅವನು ಕಣ್ಣು ಮುಚ್ಚಿಕೊಂಡೇ, "ಅಕ್ಕನೂ ಕೇಳಲಿ. ಮೊದಲಿಂದ ಇನ್ನೊಂದು ಸಲ ಹೇಳಿ," ಎಂದ.

ಕಡ್ಡಿ ಮೊದಲಿಂದ ಹೇಳಿದಳು.