ಅವ್ವನ ದಮ್ಮು, ಅಡಿಗೆಮನೆಯ ಹೊಗೆ

ಅವ್ವನಿಗೆ ಇವತ್ತು ದಮ್ಮು ಎಷ್ಟಿದೆ ಎಂಬುದನ್ನು ನಾನು ರೊಟ್ಟಿ ಬಡಿಯುವ ಸಪ್ಪಳದಲ್ಲೇ ಹೇಳುತ್ತಿದ್ದೆ. ಒಳ್ಳೆಯ ದಿನ ಒಂದು ರೊಟ್ಟಿ ಒಂದೇ ಓಟಕ್ಕೆ ಮುಗಿಯುತ್ತಿತ್ತು. ಕೆಟ್ಟ ದಿನ ನಡುವೆ ಮೂರು ಸಲ ಸಪ್ಪಳ ನಿಲ್ಲುತ್ತಿತ್ತು. ಆಗ ಅವಳು ಊದುಗೊಳವೆ ಹಿಡಿದವರ ಹಾಗೆ ತುಟಿ ಚೂಪು ಮಾಡಿ, ನಿಧಾನಕ್ಕೆ ಉಸಿರು ಬಿಡುತ್ತಿದ್ದಳು. ಹಾಗೆ ಬಿಟ್ಟರೆ ಎದೆ ಹಗುರಾಗುತ್ತದೆಂದು ಯಾರೂ ಕಲಿಸಿರಲಿಲ್ಲ, ತಾನೇ ಕಂಡುಕೊಂಡಿದ್ದಳು. ದೊಡ್ಡ ಕೊಡ ಬಿಟ್ಟು ಸಣ್ಣದು ಹಿಡಿದಿದ್ದಳು. ನಡೆಯುವಾಗ ಮಾತಾಡುವುದನ್ನು ಬಿಟ್ಟಿದ್ದಳು. ಎಲ್ಲದರಲ್ಲೂ ಮೂಗು ತೂರಿಸುವ ಚಟ ನನ್ನದು. ಅವಳ ಬೆನ್ನಿಗೆ ಕಿವಿ ಹಚ್ಚಿದರೆ ಒಳಗೆ ಬೆಕ್ಕು ಗುರುಗುಟ್ಟಿದಂತೆ ಕೇಳುತ್ತಿತ್ತು.

"ದೂರ ಸರಿ. ನನ್ನ ಬೆನ್ನ ನಿನಗ ಆಟಾ ಆಗೇತೇನು?" ಎನ್ನುತ್ತಿದ್ದಳು.

ಅರವತ್ತರ ದಶಕದ ಮೊದಲ ವರ್ಷಗಳು. ನಾನು ಆರನೇ ಇಯತ್ತೆಯಲ್ಲಿದ್ದೆ. ಆ ಮಳೆಗಾಲ ದಮ್ಮು ಬಹಳ ಹೆಚ್ಚಾಗಿ, ಅಪ್ಪ ಚಕ್ಕಡಿ ಹೂಡಿ ಅವ್ವನನ್ನು ಸವಣೂರಿನ ಡಾಕ್ಟರ ಹತ್ತಿರ ಕರೆದೊಯ್ದ. ನಾನೂ ಹತ್ತಿ ಕುಳಿತೆ. ಡಾಕ್ಟರು ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿ, "ಬೀಡಿ ಸೇದ್ತೀರೇನ್ರಿ?" ಎಂದರು.

ಅವ್ವ ಸೆರಗನ್ನು ಬಾಯಿಗೆ ಹಿಡಿದಳು. ಅಪ್ಪ ಕೆಂಪಾದ.

"ನಮ್ಮ ಮನಿ ಹೆಣಮಕ್ಕಳಿಗೆ ಕೇಳೂ ಮಾತೇನ್ರಿ ಇದು?"

ಹೀಗೆಂದ ಅಪ್ಪನ ಕಿಸೆಯಲ್ಲೇ ಬೀಡಿಕಟ್ಟು ಇಣುಕುತ್ತಿತ್ತು.

"ಸಿಟ್ಟಾಗಬ್ಯಾಡ್ರಿ. ಬೀಡಿ ಸೇದೂರ ಎದಿ ಹಂಗ ಐತಿ ಅಂತ ಕೇಳಿದೆ. ಇದು ಪೂರಾ ಹೋಗೂ ಬ್ಯಾನಿ ಅಲ್ಲ. ಔಷಧ ಕೊಡ್ತೇನಿ. ಹೊಗಿಯಿಂದ ದೂರ ಇಡ್ರಿ," ಎಂದರು ಡಾಕ್ಟರು.

ಆ ಪ್ರಶ್ನೆ ನನ್ನ ತಲೆ ಹೊಕ್ಕು ಕುಳಿತಿತು. ಸೇದುವವನು ಅಪ್ಪ, ದಮ್ಮು ಅವ್ವನಿಗೆ. ಇದೆಂಥ ಲೆಕ್ಕ? ಹಳೇ ಧೋತರದ ಎರಡು ತುಂಡು ಹರಿದು, ಒಂದನ್ನು ಅಪ್ಪ ಬೀಡಿ ಸೇದುವ ಪಡಸಾಲೆಯಲ್ಲಿ, ಇನ್ನೊಂದನ್ನು ಒಲೆಯ ಮೇಲೆ ತೂಗುಹಾಕಿದೆ. ಎಂಟು ದಿನಕ್ಕೆ ಪಡಸಾಲೆಯದು ಇದ್ದ ಹಾಗೇ ಇತ್ತು. ಒಲೆಯ ಮೇಲಿನದು ಹಂಚಿನ ತಳದಂತೆ ಕಪ್ಪಾಗಿತ್ತು. ಎರಡನ್ನೂ ಒಯ್ದು ಅಪ್ಪನಿಗೆ ತೋರಿಸಿದೆ.

"ಒಲಿ ಮ್ಯಾಲಿನ ಬೆಳಕಿಂಡಿ ತಗಿಯಪ್ಪಾ. ಹೊಗಿ ಹೋಗ್ಲಿ."

ಆ ಬೆಳಕಿಂಡಿಗೆ ಅಪ್ಪನೇ ಮಾಳಿಗೆ ಹತ್ತಿ ಕಲ್ಲು ಮುಚ್ಚಿ ಮಣ್ಣು ಮೆತ್ತಿದ್ದ. ಬಿತ್ತುವ ಜೋಳದ ತೆನೆಗಳನ್ನು ನಮ್ಮಲ್ಲಿ ಒಲೆಯ ಮೇಲೆಯೇ ಕಟ್ಟುತ್ತಿದ್ದೆವು. ಹೊಗೆ ತಿಂದ ಬೀಜಕ್ಕೆ ಹುಳ ಬರುವುದಿಲ್ಲ, ತೊಲೆಗೆ ಗೆದ್ದಲು ಹತ್ತುವುದಿಲ್ಲ.

"ಹೊಗಿ ಹೋದ್ರ ಬೀಜಕ್ಕ ನುಸಿ ಬೀಳ್ತಾವ," ಎಂದ ಅಪ್ಪ. ಅರಿವೆಯನ್ನು ಮತ್ತೊಮ್ಮೆ ತಿರುವಿ ನೋಡಿದ. "ಆದ್ರ ನೀ ಹೇಳೂದೂ ಖರೇನ. ನಿಮ್ಮವ್ವ ಅಲ್ಲಿ ಕುಂದ್ರೂದು ಬ್ಯಾಡ. ನಾಳಿಂದ ಸಾಲಿ ಬಿಡು, ಒಲಿ ನೀ ನೋಡ್ಕೋ."

ಹಾದಿಯಲ್ಲಿ ಹೋಗುವ ಮಾರಿಯನ್ನು ನಾನೇ ಮನೆಗೆ ಕರೆದಂತಾಯಿತು. ಅಪ್ಪ ಕೆಟ್ಟವನಲ್ಲ. ಅವ್ವನ ಮೇಲಿನ ಕಾಳಜಿಯಿಂದಲೇ ಹೇಳಿದ. ಪಾಟಿಚೀಲವನ್ನು ಗೂಟಕ್ಕೆ ಹಾಕಿ ಒಲೆಯ ಮುಂದೆ ಕುಳಿತೆ. ಸಗಣಿಯ ಹಸಿ ಕುಳ್ಳು, ಹತ್ತಿಕಟ್ಟಿಗೆ. ಕಣ್ಣು ಉರಿದು ಅತ್ತದ್ದೆಷ್ಟೋ, ಸಾಲೆ ನೆನೆದು ಅತ್ತದ್ದೆಷ್ಟೋ.

ಐದನೆಯ ದಿನ ನನಗೆ ಕೆಮ್ಮು ಹತ್ತಿತು. ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಅವ್ವನ ಮೊರದ ಸಪ್ಪಳ ನಿಂತಿತು. ಅಪ್ಪ ಹೊಲಕ್ಕೆ ಹೋಗಿದ್ದ. ಅವ್ವ ಎದ್ದು ಹಾರೆ ತಂದಳು, ಮಾಳಿಗೆಗೆ ಏಣಿ ಹಚ್ಚಿದಳು.

"ಏಣಿ ಗಟ್ಟಿ ಹಿಡಿ," ಎಂದಳು.

ಹನ್ನೊಂದು ಮೆಟ್ಟಿಲು. ಪ್ರತಿ ಮೆಟ್ಟಿಲಿಗೂ ನಿಂತು, ತುಟಿ ಚೂಪು ಮಾಡಿ ಉಸಿರು ಬಿಟ್ಟು, ಮುಂದಿನದಕ್ಕೆ ಕಾಲಿಟ್ಟಳು. ಅವಳು ಬಿದ್ದರೆ ಎಂಬ ಹೆದರಿಕೆಗೆ ನಾನು ಏಣಿಗೆ ಎದೆಯೊತ್ತಿ ನಿಂತೆ. ಮೇಲೆ ಹಾರೆಯ ಪೆಟ್ಟು ಒಂದು ಬಿದ್ದರೆ ಇನ್ನೊಂದಕ್ಕೆ ಬಹಳ ಹೊತ್ತು. ಕಡೆಗೆ ಮಣ್ಣೆಲ್ಲ ಒಲೆಯ ಮೇಲೆ ಸುರಿದು, ಅಡಿಗೆಮನೆಯೊಳಗೆ ಬಿಸಿಲು ಬಿತ್ತು.

ಸಂಜೆ ಅಪ್ಪ ಬಂದವನು ತಲೆಯೆತ್ತಿ ನೋಡಿದ. "ಬೀಜಕ್ಕ ನುಸಿ ಬಿದ್ರ?"

"ಬೀಳ್ಲಿ. ಆರಿಸ್ತೇನಿ," ಎಂದಳು ಅವ್ವ. ಉಸಿರು ತೆಗೆದುಕೊಂಡಳು. "ನಾಳಿ ಇಕಿ ಸಾಲಿಗೆ ಹೋಗ್ತಾಳ. ಒಲಿ ನಂದು."

ನಾನು ಮರುದಿನ ಸಾಲೆಗೆ ಹೋದೆ.

ನನ್ನ ಮದುವೆಯಾದ ಮೇಲೆ ಒಮ್ಮೆ ಅವಳನ್ನು ಕೇಳಿದೆ. ಒಂದು ಹಾರೆಯ ಕೆಲಸ. ಆ ಹೊಗೆಯಲ್ಲಿ ಕುಳಿತ ಇಪ್ಪತ್ತು ವರ್ಷ ಯಾಕೆ ಮಾಡಲಿಲ್ಲ?

"ಆಗ ಒಲಿ ಮುಂದ ಕುಂದ್ರಾಕಿ ನಾನ ಇದ್ದೆನಲ್ಲ," ಎಂದಳು.

ಆ ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ.