ಫೋನಿನೊಳಗಿನ ಹಳೆಯ ಕಾರ್ಮಿಕ

ಫೋನಿನ ಎಐ ಪಾಠ ತಯಾರಿಸಿಕೊಡುತ್ತೆ, ಬೇಕಾದವರ ಹಾಗೆ ಮಾತೂ ಆಡುತ್ತೆ ಮಾರಾಯ್ತಿ ಎಂದು ನನಗೆ ಮೊದಲು ಹೇಳಿದವಳು ಆಲ್ಕೊಳದ ಗೆಳತಿ ಸವಿತಾ. ನಲವತ್ತು ದಾಟಿದ ಮೇಲೆ ಭದ್ರಾವತಿಯಲ್ಲಿ ಟೀಚರ್ ಆದವಳು ನಾನು. ಇಂಥ ಮಾತನ್ನು ಬೇಗ ನಂಬುತ್ತೇನೆ. ನಾಲ್ಕನೇ ತರಗತಿಗೆ ನಮ್ಮೂರಿನ ಇತಿಹಾಸದ ಪಾಠ ಮಾಡಬೇಕಿತ್ತು. ಕಬ್ಬಿಣದ ಕಾರ್ಖಾನೆಯ ಹಳೆಯ ಕಾರ್ಮಿಕನಂತೆ ಮಾತಾಡು ಎಂದು ಫೋನಿಗೆ ಹೇಳಿ, ಮಕ್ಕಳ ಮುಂದೆ ಹಿಡಿದೆ.

“ನಮ್ಮ ತಾತ ರಂಗಪ್ಪ ನಿಮಗೆ ಗೊತ್ತಾ?” ಕಾವ್ಯ ಕೇಳಿದಳು. ತಾತ ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದರು.

“ರಂಗಪ್ಪನಾ? ಚೆನ್ನಾಗಿ ಗೊತ್ತು! ನಾವು ಒಟ್ಟಿಗೇ ಕೆಲಸ ಮಾಡಿದೆವು. ಯಾವಾಗಲೂ ನಗುನಗುತ್ತಾ ಇರುತ್ತಿದ್ದ,” ಎಂದಿತು ಫೋನು. ಹುಡುಗಿಯ ಮುಖ ಅರಳಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಗಂಟೆ ಹೊಡೆಯಿತು.

ಮರುದಿನ ಕಾವ್ಯಳ ಕೈ ಹಿಡಿದು ಅವಳ ಅಜ್ಜಿಯೇ ಬಂದರು. “ನಮ್ಮೆಜಮಾನ್ರ ಜೊತೆ ಕೆಲಸ ಮಾಡಿದೋರು ಬಂದಿದ್ರಂತೆ. ಎಲ್ಲಿದಾರೆ ಟೀಚರಮ್ಮ?”

“ಯಾರೂ ಬಂದಿರಲಿಲ್ಲಮ್ಮ. ಮಾತಾಡಿದ್ದು ಈ ಫೋನು. ಅದು ಹೇಳಿದ್ದೆಲ್ಲ ಕಟ್ಟುಕತೆ,” ಎಂದೆ. ಕಾವ್ಯಳ ಕಣ್ಣು ತುಂಬಿತು.

ಅಜ್ಜಿ ಫೋನನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. “ನಗ್ತಿದ್ರು ಅಂತ ಇವಳು ಹೇಳಿದಾಗ್ಲೇ ಅನ್ಕೊಂಡೆ! ಅವರು ನಗೋದಾ? ಮದುವೆ ಫೋಟೋದಲ್ಲೂ ನಕ್ಕಿಲ್ಲ ಮಹಾನುಭಾವ. ಸಾರಿಗೆ ಉಪ್ಪು ಕಮ್ಮಿ ಆದ್ರೆ ನನ್ನ ಹತ್ರ ದಿನಗಟ್ಲೆ ಮಾತಿಲ್ಲ.”

ಕಾವ್ಯ ಮೂಗೊರೆಸಿಕೊಂಡು, “ಆಮೇಲೆ ಯಾರು ಮಾತಾಡಿಸ್ತಿದ್ರು, ನೀನಾ?” ಎಂದಳು. ಅಜ್ಜಿ ಬೆಂಚಿನ ಮೇಲೆ ಕೂತೇಬಿಟ್ಟರು. ಆ ಪೀರಿಯಡ್ ಪೂರ್ತಿ ಅವರದೇ.

ಹೊಸ ಟೀಚರ್ ಯಾರಾದರೂ ಸಿಕ್ಕರೆ ನೀವೂ ಇದನ್ನು ಹೇಳಿ. ಫೋನಿಗೆ ಮಾತ್ರ ಹೇಳಬೇಡಿ. “ಹೌದು, ನಾನೂ ಅಲ್ಲೇ ಇದ್ದೆ” ಅಂದುಬಿಡುತ್ತೆ.