ಅತ್ತೆ ನೋಡಿದ ಉಪ್ಪು

ಹಸಿ ತೊಗರಿಕಾಯಿ ಸುಲಿದ ಬೆರಳುಗಳಿಗೆ ಒಂದು ವಾಸನೆ ಅಂಟುತ್ತದೆ. ಎರಡು ಸಲ ಸೋಪು ಹಚ್ಚಿ ತೊಳೆದರೂ ಅದು ಹೋಗುವುದಿಲ್ಲ. ಎಳ್ಳಮಾವಾಸ್ಯೆ ಹತ್ತಿರ ಬಂತೆಂದರೆ ಆಳಂದದ ಸಂತೆಯಲ್ಲಿ ತೊಗರಿಕಾಯಿ, ಕಡಲೆಗಿಡ, ಅವರೆ, ಬಾರೆಹಣ್ಣು ಎಲ್ಲ ಗುಡ್ಡೆ ಬೀಳುತ್ತವೆ. ನಾನೂ ಚೀಲ ತುಂಬಿಸಿಕೊಂಡು ಬಂದು ಬಾಗಿಲ ಮುಂದಿನ ಬಿಸಿಲಿನಲ್ಲಿ ಸುಲಿಯುತ್ತ ಕೂರುತ್ತೇನೆ. ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದು ಎಂದುಕೊಂಡವರು ನಮ್ಮ ಕಡೆ ಹಬ್ಬಕ್ಕೆ ಬಂದವರಲ್ಲ. ನಮ್ಮ ಭಜ್ಜಿಗೆ ಹೊಲದಲ್ಲಿ ಬೆಳೆದ ಕಾಳು, ಕಾಯಿ, ಸೊಪ್ಪು ಎಲ್ಲವೂ ಒಂದೇ ಗಡಿಗೆಯಲ್ಲಿ ಬೇಯಬೇಕು. ಅದಕ್ಕೆ ಕಡಲೆಹಿಟ್ಟು, ಹುಣಸೆಹುಳಿ, ಬೆಳ್ಳುಳ್ಳಿ ಬಿದ್ದು ಗಟ್ಟಿಯಾಗಿ ಕುದಿಯುವಾಗ ಏಳುವ ವಾಸನೆ ಮೂರು ಮನೆ ಆಚೆಗೂ ಹೋಗುತ್ತದೆ. ಆ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮಾತ್ರ ಮೊದಲು ಸಿಟ್ಟು ಬರುತ್ತದೆ. ಅರವತ್ತು ದಾಟಿದೆ, ಮೂವತ್ತು ವರ್ಷ ಸಾಲಿಯಲ್ಲಿ ಮಕ್ಕಳಿಗೆ ಸಮಾಧಾನ ಕಲಿಸಿದ್ದೇನೆ, ಆದರೂ ಬರುತ್ತದೆ.

ಈ ಸಲ ಆ ಸಿಟ್ಟಿಗೆ ತುಪ್ಪ ಸುರಿದವನು ಶಿವರಾಜ, ನನ್ನ ದೊಡ್ಡಪ್ಪನ ಮಗ. ಹಬ್ಬಕ್ಕೆ ವಾರ ಇರುವಾಗಲೇ ಮನೆಯವರ ಗುಂಪಿಗೆ ಮೊಬೈಲಿನಲ್ಲಿ ದಿನಕ್ಕೊಂದು ಅರ್ಥ ಕಳಿಸತೊಡಗಿದ. ತೆಂಗಿನಕಾಯಿ ಒಡೆಯುವುದೆಂದರೆ ಅಹಂಕಾರ ಒಡೆಯುವುದಂತೆ. ಕರ್ಪೂರ ಉರಿದು ಏನೂ ಉಳಿಯದಂತೆ ನಾವೂ ದೇವರಲ್ಲಿ ಕರಗಬೇಕಂತೆ. ಮೀಸಲೆಂದರೆ ನೈವೇದ್ಯಕ್ಕೆ ಮೊದಲು ಯಾರೂ ರುಚಿ ನೋಡದೆ ಎತ್ತಿಡುವುದಲ್ಲವೆ, ಅದು ನಾಲಿಗೆಯ ಆಸೆಯನ್ನು ಗೆಲ್ಲುವ ಸಾಧನೆಯಂತೆ. ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ನಾನು ಹಾಕಲಿಲ್ಲ. ಗೆದ್ದದ್ದು ಯಾರ ನಾಲಿಗೆ, ಕಟ್ಟಿಹಾಕಿದ್ದು ಯಾರ ನಾಲಿಗೆ ಎಂದು ಕೇಳಬೇಕೆನಿಸಿತು. ಒಲೆಯ ಮುಂದೆ ಒಂದು ದಿನವೂ ಕೂರದವನಿಗೆ ನಾಲಿಗೆಯ ಆಸೆಯ ಮೇಲೆ ಇಷ್ಟು ಮಾತು ಎಲ್ಲಿಂದ ಬರುತ್ತದೋ. ಟೈಪು ಮಾಡಿ ಅಳಿಸಿದೆ. ಆಮೇಲೆ ತೊಗರಿ ಸುಲಿಯುತ್ತ ಗುರಮ್ಮತ್ತೆಯ ನೆನಪಿನಲ್ಲಿ ಕೂತೆ.

ಅಫಜಲಪುರ ದಾಟಿ ಮಣ್ಣೂರಿಗೆ ಬಂದರೆ ಭೀಮಾ ದಂಡೆಯ ಮೇಲೆ ನಮ್ಮ ಹೊಲ. ಊರೊಳಗೆ ನಮ್ಮ ಮನೆ ಇತ್ತು. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಹಗಲಲ್ಲೂ ಕತ್ತಲೆಯಿರುವ ಅಡುಗೆಮನೆ, ಮಾಳಿಗೆಯ ಗವಾಕ್ಷಿಯಿಂದ ಒಲೆಯ ಮೇಲೆ ಬೀಳುವ ಒಂದೇ ಒಂದು ಬೆಳಕಿನ ಕೋಲು. ಈಗ ಅಲ್ಲಿ ಶಿವರಾಜನ ಸಿಮೆಂಟಿನ ಮನೆ ಇದೆ. ಹಳೆಯ ಮನೆಯ ತೊಲೆಗಳು ಯಾರ ಕೊಟ್ಟಿಗೆಗೆ ಹೋದವೋ ಗೊತ್ತಿಲ್ಲ. ಆ ಬೆಳಕಿನ ಕೋಲಿನ ಕೆಳಗೆ ಸದಾ ಕೂತಿರುತ್ತಿದ್ದವಳು ಗುರಮ್ಮತ್ತೆ, ಅಪ್ಪನ ತಂಗಿ. ಅವಳನ್ನು ಜೇವರ್ಗಿಯ ಆಚೆ ಯಡ್ರಾಮಿಗೆ ಕೊಟ್ಟಿದ್ದರು. ಹತ್ತೊಂಬತ್ತಕ್ಕೆ ಗಂಡ ತೀರಿಕೊಂಡ, ಒಂದು ಟ್ರಂಕು ಹಿಡಿದುಕೊಂಡು ತವರಿಗೆ ವಾಪಸು ಬಂದಳು. ನಮ್ಮದು ಶರಣರ ಪರಂಪರೆಯ ಮನೆ. ಹುಟ್ಟಿದ ಸೂತಕವಿಲ್ಲ, ಸತ್ತ ಸೂತಕವಿಲ್ಲ, ಹೆಣ್ಣು ಮೈಲಿಗೆಯಲ್ಲ ಎಂದು ದೊಡ್ಡಪ್ಪ ಪಡಸಾಲೆಯಲ್ಲಿ ಬಂದವರಿಗೆಲ್ಲ ಹೇಳುತ್ತಿದ್ದ. ಪಡಸಾಲೆಯ ಮಾತು ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಹಬ್ಬದಲ್ಲಿ ಅತ್ತೆಯ ಕೈಯ ಅಡುಗೆ ನಡೆಯುತ್ತಿತ್ತು, ಅವಳ ನೆರಳು ನಡೆಯುತ್ತಿರಲಿಲ್ಲ. ಹೋಳಿಗೆಯ ಹೂರಣ ರುಬ್ಬುವವಳು ಅವಳು, ಆರತಿ ಹಿಡಿಯುವವರು ಬೇರೆ. ಇದರಲ್ಲೇನು ತಪ್ಪಿದೆ ಎಂದು ಆ ಮನೆಯಲ್ಲಿ ಯಾರಿಗೂ ಅನಿಸಲಿಲ್ಲ, ನನ್ನ ಅವ್ವನಿಗೂ ಅನಿಸಲಿಲ್ಲ.

ಎಳ್ಳಮಾವಾಸ್ಯೆಯ ದಿನ ಹೊಲದಲ್ಲಿ ಜೋಳದ ದಂಟಿನಿಂದ ಕೊಂಪೆ ಕಟ್ಟಿ, ಅದರೊಳಗೆ ಸುಣ್ಣ ಹಚ್ಚಿದ ಐದು ಕಲ್ಲು ಸಾಲಾಗಿ ಇಡುತ್ತಿದ್ದರು. ಐವರು ಅಣ್ಣತಮ್ಮಂದಿರು ಹೊಲ ಕಾಯುತ್ತಾರೆ ಎಂಬ ನಂಬಿಕೆ. ಅವುಗಳ ಹಿಂದೆ, ಮರೆಯಲ್ಲಿ, ಸುಣ್ಣವಿಲ್ಲದ ಒಂದು ಸಣ್ಣ ಕಲ್ಲು. ಅದು ಯಾರದೆಂದು ನಾನು ಅತ್ತೆಯನ್ನು ಕೇಳಿದ್ದೆ. "ಅದು ಕಳ್ಳಂದು," ಅಂದಳು. "ಅಂವಗೂ ಹಸಿವಿ ಇರ್ತದಲ್ಲ. ಅಂವನ ಪಾಲು ಅಂವಗ ಇಟ್ಟರ ಬೆಳಿಗಿ ಕೈ ಹಚ್ಚಂಗಿಲ್ಲ." ಪೂಜೆಯಾದ ಮೇಲೆ ಚರಗ. ಗಂಡಸೊಬ್ಬ ಭಜ್ಜಿ, ಕಡುಬು, ಅನ್ನ ಕಲಸಿದ್ದನ್ನು ಹೊಲದ ಸುತ್ತ ಚೆಲ್ಲುತ್ತ ಹೋಗುತ್ತಾನೆ, ಹಿಂದಿನಿಂದ ಒಬ್ಬ ಹೆಂಗಸು ಚೊಂಬಿನಿಂದ ನೀರು ಬಿಡುತ್ತ ನಡೆಯುತ್ತಾಳೆ. ಇರುವೆಗೆ, ಹಕ್ಕಿಗೆ, ಇಲಿಗೆ, ಭೂಮಿಗೆ ಎಲ್ಲರಿಗೂ ಒಂದೊಂದು ತುತ್ತು. ಮದುವೆಗೆ ಮೊದಲು ಅತ್ತೆ ತನ್ನ ಅಪ್ಪನ ಹಿಂದೆ ನೀರು ಬಿಡುತ್ತ ನಡೆಯುತ್ತಿದ್ದಳಂತೆ. ಹೊಳೆಯ ಕಡೆಯ ಬದುವಿನ ತನಕ ಹೋಗಿ, ಉಳಿದ ನೀರನ್ನು ಹೊಳೆಗೆ ಚೆಲ್ಲಿ ಬರುತ್ತಿದ್ದೆ ಎಂದು ಎಷ್ಟೋ ಸಲ ಹೇಳುತ್ತಿದ್ದಳು. ಆ ಮಾತು ಹೇಳುವಾಗ ಅವಳ ಕೈ ತನ್ನಷ್ಟಕ್ಕೆ ಚೊಂಬು ಹಿಡಿದಂತೆ ಬಾಗುತ್ತಿತ್ತು. ಅವಳಿಗೆ ಬೇಕಾಗಿದ್ದದ್ದು ಅಷ್ಟೇ, ಇನ್ನೊಂದು ಸಲ ಆ ಬದುವಿನ ತನಕ ನಡೆಯುವುದು. ಕಳ್ಳನಿಗೆ ಪಾಲಿಟ್ಟ ಜನ ಅವಳಿಗೆ ಅದನ್ನು ಕೊಡಲಿಲ್ಲ.

ನಾನು ಆಗ ಹತ್ತು ವರ್ಷದವಳು. ಹಬ್ಬದ ಬೆಳಗ್ಗೆ ಅಡುಗೆಮನೆಗೆ ಓಡಿ ಬಂದೆ. ಅತ್ತೆ ಭಜ್ಜಿಗೆ ಉಪ್ಪು ಹಾಕುವ ಹೊತ್ತಿಗೆ ದೊಡ್ಡಪ್ಪ ಸ್ನಾನದ ನೀರಿಗೆ ಕೂಗಿದ್ದನಂತೆ. ನೀರು ಕೊಟ್ಟು ಬಂದವಳಿಗೆ ಉಪ್ಪು ಹಾಕಿದೆನೋ ಇಲ್ಲವೋ ನೆನಪಿಲ್ಲ. ನಾನು ನೋಡುತ್ತಿದ್ದ ಹಾಗೆಯೇ ಸೌಟಿನ ತುದಿಯಿಂದ ಒಂದು ಹನಿ ಅಂಗೈಗೆ ಹಾಕಿಕೊಂಡು ನಾಲಿಗೆಗೆ ಮುಟ್ಟಿಸಿದಳು. ಆಮೇಲೆ ಒಂದು ಚಿಟಿಕೆ ಉಪ್ಪು ಹಾಕಿ, ನನ್ನ ಕಡೆ ತಿರುಗಿ ನಕ್ಕಳು. ಯಾರಿಗೂ ಹೇಳಬೇಡ ಎಂದು ಹೇಳಲಿಲ್ಲ. ನನ್ನ ಮೇಲೆ ಅಷ್ಟು ಭರವಸೆ ಇಟ್ಟಿದ್ದಳೋ, ಅದು ಹೇಳುವಂಥ ವಿಷಯವೆಂದೇ ಅವಳಿಗೆ ತೋಚಲಿಲ್ಲವೋ.

ಹೊಲದಲ್ಲಿ ನೈವೇದ್ಯಕ್ಕೆ ಮುಂಚೆ ಮನೆಯ ಹಿರಿಯ ಒಂದು ಮಾತು ಕೇಳುವುದು ನಮ್ಮ ಮನೆಯ ಪದ್ಧತಿ. ದೊಡ್ಡಪ್ಪ ಗಡಿಗೆಯ ಮುಚ್ಚಳ ತೆಗೆದು ಕೇಳಿದ. "ಮೀಸಲ ಅದ ಏನು?" ಹೆಂಗಸರು "ಅದರಿ" ಎಂದರು. ಕರಜಗಿಯಿಂದ ಬಂದ ಬೀಗರು ಕೈಮುಗಿದು ನಿಂತಿದ್ದರು. ಸಾಲಿಯಲ್ಲಿ ಸತ್ಯ ಹೇಳಿದರೆ ಗುರುಗಳು ಬೆನ್ನು ತಟ್ಟುತ್ತಿದ್ದರಲ್ಲ, ಆ ರೂಢಿಯಲ್ಲಿ ನಾನು ಮುಂದೆ ಬಂದು ಹೇಳಿದೆ. "ಇಲ್ಲ ದೊಡ್ಡಪ್ಪ, ಅತ್ತಿ ಉಪ್ಪು ನೋಡ್ಯಾಳ." ಅವ್ವ ಹಿಂದಿನಿಂದ ಚಿವುಟಿದಳು, ತಡವಾಗಿತ್ತು. ದೊಡ್ಡಪ್ಪ ಕೂಗಾಡಲಿಲ್ಲ. ಮುಚ್ಚಳ ಹಾಕಿ, ಆಳನ್ನು ಕರೆದು, ಇಡೀ ಗಡಿಗೆಯನ್ನು ಎತ್ತುಗಳ ಬಾನಿಗೆ ಸುರಿಸಿದ. ಎರಡು ದಿನ ಸುಲಿದ ಕಾಳು, ಒಂದಿಡೀ ಬೆಳಗ್ಗೆಯ ಬೇಯುವಿಕೆ, ಸೊರ್‌ ಎಂದು ಸದ್ದು ಮಾಡಿ ಹೋಯಿತು. ನೈವೇದ್ಯ ಬರೀ ಕಡುಬು, ಅಂಬಲಿಯಲ್ಲೇ ಮುಗಿಯಿತು. ಮೊದಲ ಹೂರಣದ ಕಡುಬನ್ನು ಅವನು ನನ್ನ ಕೈಗಿಟ್ಟ. "ಖರೆ ಹೇಳ್ದಿ. ಶಾಣ್ಯಾ ಇದ್ದಿ," ಅಂದ. ನಾನು ತಿಂದೆ. ಅದು ಸಿಹಿಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಸಂಜೆ ಬಂಡಿ ಮನೆಗೆ ಬಂದಾಗ ಅತ್ತೆ ಕಾಲಿಗೆ ನೀರು ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು. ಖಾಲಿ ಗಡಿಗೆ ನೋಡಿ ಅವಳ ಮುಖ ಅರಳಿತು. "ಭಜ್ಜಿ ಹ್ಯಾಂಗ ಆಗಿತ್ತು?" ಎಂದು ಕೇಳಿದಳು. ಹೆಂಗಸರು ಬಂಡಿಯಿಂದ ಬುಟ್ಟಿ ಇಳಿಸತೊಡಗಿದರು. ಕೊನೆಗೆ ದೊಡ್ಡಪ್ಪನೇ ನಡೆದದ್ದು ಹೇಳಿದ, ಇನ್ನು ಮುಂದೆ ಹಬ್ಬದ ಒಲೆ ಮುಟ್ಟಬೇಡ ಎಂದೂ ಹೇಳಿದ. ಅತ್ತೆ ನನ್ನನ್ನು ನೋಡಿದಳು. ಬಯ್ಯುತ್ತಾಳೆ ಎಂದು ಕಾದೆ. "ಕೂಸು ಕಂಡದ್ದ ಹೇಳ್ಯದ, ಹೇಳ್ಲಿ ಬಿಡು," ಅಂದು ಒಳಗೆ ಹೋದಳು. ಅಲ್ಲಿಂದ ಏಳು ವರ್ಷ ಬದುಕಿದ್ದಳು. ಹಬ್ಬದ ದಿನ ಹಿತ್ತಲಲ್ಲಿ ಕೂತು ಪಾತ್ರೆ ತಿಕ್ಕುತ್ತಿದ್ದಳು. ಮನೆಯಲ್ಲಿ ಅವಳದೆಂದು ಇದ್ದದ್ದು ಆ ಒಲೆಯೊಂದೇ. ಅದನ್ನು ಕಿತ್ತುಕೊಂಡ ಮೇಲೆ ಮಾತೂ ಕಡಿಮೆಯಾಯಿತು. ದೊಡ್ಡಪ್ಪನನ್ನು ಊರು ಇವತ್ತಿಗೂ ಆಚಾರವಂತ ಎನ್ನುತ್ತದೆ. ಅವನ ಫೋಟೋಕ್ಕೆ ಹಾರ ಹಾಕಿದ್ದಾರೆ. ಅತ್ತೆಯ ಫೋಟೋ ಒಂದೂ ಇಲ್ಲ.

ಪ್ರೌಢಶಾಲೆಗೆ ಹೋಗುವ ಹೊತ್ತಿಗೆ ನನಗೆ ಒಳಗೊಳಗೇ ಕುಟುಕತೊಡಗಿತ್ತು. ಒಂದು ಮಧ್ಯಾಹ್ನ ಹಿತ್ತಲಲ್ಲಿ ಅವಳ ಪಕ್ಕ ಕೂತು ಕೇಳಿದೆ, ದೇವರಿಗೆ ಇಡುವುದನ್ನು ಯಾಕೆ ರುಚಿ ನೋಡಿದಿ ಎಂದು. ಅತ್ತೆ ಬೂದಿ ಹಚ್ಚಿದ ಕೈ ನಿಲ್ಲಿಸಿದಳು. "ಕೂಸಿಗಿ ಹಾಲು ಕುಡಸೂ ಮುಂದ ತಾಯಿ ಒಂದ್ ಹನಿ ಕೈಮ್ಯಾಲ ಹಾಕಿ ನೋಡಂಗಿಲ್ಲೇನು? ಅದು ಎಂಜಲೇನು? ಉಣಸವರಿಗಿ ಗೊತ್ತಿರಬೇಕವ್ವ, ಏನ್ ಉಣಸಾಕತ್ತೇವಂತ." ನೈವೇದ್ಯದ ಅರ್ಥವನ್ನು ಇದಕ್ಕಿಂತ ಚೆನ್ನಾಗಿ ಹೇಳಿದವರನ್ನು ನಾನು ಇನ್ನೂ ಕಂಡಿಲ್ಲ. ಮಠಗಳಲ್ಲಿ ಕೇಳಿದ್ದೇನೆ, ಪುರಾಣ ಹಚ್ಚಿದಲ್ಲಿ ಕೇಳಿದ್ದೇನೆ. ದೇವರನ್ನು ಹಸಿದ ಕೂಸೆಂದು ತಿಳಿದು ಅಡುಗೆ ಮಾಡಿದವಳಿಗೆ ಮೈಲಿಗೆಯ ಪಟ್ಟ ಕಟ್ಟಿದರು, ದೇವರನ್ನು ಅಧಿಕಾರಿಯೆಂದು ತಿಳಿದು ಹೆದರಿದವನಿಗೆ ಹಾರ ಹಾಕಿದರು. ಇದಕ್ಕೆ ಸಿಟ್ಟು ಬರದಿದ್ದರೆ ಇನ್ಯಾವುದಕ್ಕೆ ಬರಬೇಕು.

ಈ ವರ್ಷ ಹಬ್ಬದ ದಿನ ಆಳಂದದಿಂದ ಮೊದಲ ಬಸ್ಸಿಗೇ ಹೊರಟೆ. ಗಂಡ ಇರುವ ಹಿರಿಯ ಹೆಣ್ಣುಮಗಳು ಎಂದು ಚರಗಕ್ಕೆ ನೀರು ಬಿಡಲು ಪ್ರತಿವರ್ಷ ನನ್ನನ್ನೇ ಕರೆಯುತ್ತಾರೆ. ನಮ್ಮವರು ಉಸಿರಾಡುತ್ತಿರುವುದೇ ನನ್ನ ಅರ್ಹತೆ. ಮಣ್ಣೂರು ಮುಟ್ಟಿ ನೇರ ಅಡುಗೆಮನೆಗೆ ಹೋದೆ. ಗ್ಯಾಸಿನ ಒಲೆಯ ಮುಂದೆ ಶೋಭಾ ಒಬ್ಬಳೇ ಇದ್ದಳು. ಶಿವರಾಜನ ತಮ್ಮ ಹೋದ ವರ್ಷ ತೀರಿಕೊಂಡ, ಇವಳು ಅವನ ಹೆಂಡತಿ. ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದಳು. ಅಂಗೈ ಬಾಯಿಯ ಹತ್ತಿರವಿತ್ತು. ತಿರುಗಿ ನನ್ನನ್ನು ನೋಡಿದವಳ ಮುಖದಲ್ಲಿ ರಕ್ತ ಉಳಿಯಲಿಲ್ಲ. "ಯಾರಿಗೂ ಹೇಳಬ್ಯಾಡ್ರಿ ಅಕ್ಕಾ," ಅಂದಳು. ಅತ್ತೆ ನಕ್ಕಿದ್ದಳು, ಇವಳು ಹೆದರಿದಳು. ಐವತ್ತು ವರ್ಷದಲ್ಲಿ ನಾವು ಸಾಧಿಸಿದ್ದು ಇದು. ನಾನು ಸೌಟು ತೆಗೆದುಕೊಂಡು ಒಂದು ತುತ್ತಿನಷ್ಟು ಭಜ್ಜಿ ಅಂಗೈಗೆ ಹಾಕಿಕೊಂಡು ತಿಂದೆ. "ಇನ್ನೊಂಚೂರು ಹುಣಸಿಹುಳಿ ಬೀಳ್ಲಿ," ಅಂದೆ.

ಹೊಲದಲ್ಲಿ ಶಿವರಾಜ ಕಲಬುರಗಿಯಿಂದ ಗೆಳೆಯರನ್ನು ಕರೆಸಿದ್ದ. ಒಂದು ಕೋಲಿಗೆ ಮೊಬೈಲು ಸಿಕ್ಕಿಸಿ, ಅದರ ಮುಂದೆ ನಿಂತು ಕೊಂಪೆಯ ಅರ್ಥ, ಐದು ಕಲ್ಲಿನ ಅರ್ಥ ಎಲ್ಲ ಹೇಳಿದ. ಹಿಂದಿನ ಕಲ್ಲಿನ ಅರ್ಥ ಹೇಳಲಿಲ್ಲ. ಆ ಕಲ್ಲನ್ನೇ ಇಟ್ಟಿರಲಿಲ್ಲ. ಕೊನೆಗೆ ಗಡಿಗೆಯ ಮುಚ್ಚಳ ತೆಗೆದು ನನ್ನ ಕಡೆ ತಿರುಗಿದ. "ಮೀಸಲ ಅದ ಏನ್ರಿ ಅಕ್ಕಾ?" ಎಲ್ಲವನ್ನೂ ಹೇಳಿಬಿಡಬೇಕು ಅನಿಸಿತು. ಎತ್ತುಗಳ ಬಾನಿ, ಹೊಸ್ತಿಲ ಮೇಲಿನ ಅತ್ತೆ, ಅವನ ಅಪ್ಪ ಕೊಟ್ಟ ಕಡುಬು. ಶೋಭಾ ಬದುವಿನ ಆಚೆ ಬುಟ್ಟಿ ಕಾಯುತ್ತ ನಿಂತಿದ್ದಳು, ನನ್ನ ಬಾಯಿಯನ್ನೇ ನೋಡುತ್ತಿದ್ದಳು. ನನ್ನ ಸಿಟ್ಟು ತೀರಿಸಿಕೊಂಡು ನಾನು ಸಂಜೆಯ ಬಸ್ಸಿಗೆ ಹೋಗಬಹುದು. ನಾಳೆ ಆ ಒಲೆಯ ಮುಂದೆ ಇರಬೇಕಾದವಳು ಅವಳು. "ಅದ," ಅಂದೆ. ಪೂಜೆ ಮುಗಿದು ಚರಗಕ್ಕೆ ಹೊರಡುವಾಗ ಚೊಂಬು ತೆಗೆದುಕೊಂಡು ಹೋಗಿ ಅವಳ ಮುಂದೆ ಹಿಡಿದೆ, ನೀ ನಡಿ ಎಂದೆ. ಅವಳು ತಲೆ ಅಲ್ಲಾಡಿಸಿ ಎರಡು ಹೆಜ್ಜೆ ಹಿಂದೆ ಸರಿದಳು. ನಾನೇ ನಡೆದೆ. ಹೊಳೆಯ ಬದುವಿನ ತನಕ ಹೋಗಿ, ಉಳಿದ ನೀರನ್ನು ಭೀಮೆಗೆ ಚೆಲ್ಲಿ ಬಂದೆ.

ಊಟಕ್ಕೆ ಕೂತಾಗ ಗೆಳೆಯರೆಲ್ಲ ಭಜ್ಜಿಯನ್ನು ಹೊಗಳಿದ್ದೇ ಹೊಗಳಿದ್ದು. ಶಿವರಾಜ ಎರಡನೆಯ ಸಲ ಹಾಕಿಸಿಕೊಂಡು, "ನೋಡ್ರಿ, ಯಾರೂ ರುಚಿ ನೋಡಿಲ್ಲ, ಉಪ್ಪು ಹುಳಿ ಹ್ಯಾಂಗ ಹದ ಆಗ್ಯದ. ಮೀಸಲದ ಶಕ್ತಿ ಅಂದ್ರ ಇದೇ," ಅಂದ. ಬಡಿಸುತ್ತಿದ್ದ ಶೋಭಾ ಒಂದು ಗಳಿಗೆ ನನ್ನನ್ನು ನೋಡಿದಳು. ಆಮೇಲೆ ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ನಾನು ತಲೆ ತಗ್ಗಿಸಿ ಉಂಡೆ. ಭಜ್ಜಿ ನಿಜವಾಗಿಯೂ ಹದವಾಗಿತ್ತು. ಭಜ್ಜಿ ಹ್ಯಾಂಗ ಆಗಿತ್ತು ಎಂದು ಹೊಸ್ತಿಲಲ್ಲಿ ನೀರು ಹಿಡಿದು ನಿಂತವಳು ಕೇಳಿದ ಪ್ರಶ್ನೆಗೆ ನಾನು ಇನ್ನೂ ಉತ್ತರ ಕೊಟ್ಟಿಲ್ಲ, ಕೊಡಲು ಬರುವುದೂ ಇಲ್ಲ. ಅವತ್ತಿನ ಭಜ್ಜಿಯನ್ನು ನಾವು ಯಾರೂ ಉಣ್ಣಲಿಲ್ಲ. ಅದಕ್ಕೆ ಉಪ್ಪು ಸರಿಯಾಗಿತ್ತು ಎಂದು ಗೊತ್ತಿದ್ದವಳು ಅತ್ತೆ ಒಬ್ಬಳೇ.